ಅರಾಜಕವಾದ: ಬೈಗುಳವೋ, ದರ್ಶನವೋ?

ಪಂಚಾಯತು ಸಭೆಯಲ್ಲಿ ಕುರ್ಚಿಗಳು ಹಾರಾಡಿದರೆ ‘ಅರಾಜಕತೆ’. ಆಸ್ಪತ್ರೆಯಲ್ಲಿ ವೈದ್ಯರಿಲ್ಲದಿದ್ದರೆ ‘ಅರಾಜಕತೆ’. ನಾಲ್ಕು ಮಂದಿ ವಿದ್ಯಾರ್ಥಿಗಳು ಫಲಕ ಹಿಡಿದು ಕಾಲೇಜಿನ ಗೇಟಿನ ಮುಂದೆ ಕುಳಿತರೆ ಅದೂ ‘ಅರಾಜಕತೆ’ಯೇ. ಗೊಂದಲವನ್ನು ಗೊಂದಲವೆನ್ನಲು, ದೊಂಬಿಯನ್ನು ದೊಂಬಿಯೆನ್ನಲು ಕನ್ನಡದಲ್ಲಿ ಪದಗಳಿಗೆ ಬರಗಾಲವೇ? ದುರ್ಬಳಕೆ ಅಷ್ಟಕ್ಕೇ ನಿಂತಿದ್ದರೆ ನಾನು ಲೇಖನಿ ಎತ್ತುತ್ತಿರಲಿಲ್ಲ. ಅದೇ ಹಣೆಪಟ್ಟಿಯನ್ನು ನೂರೆಂಬತ್ತು ವರ್ಷಗಳ ಇತಿಹಾಸವುಳ್ಳ ಒಂದು ರಾಜಕೀಯ ದರ್ಶನಕ್ಕೂ ಅಂಟಿಸಿ, ಅದನ್ನು ಓದದೆಯೇ ತಳ್ಳಿಹಾಕುವ ರೂಢಿ ನಮ್ಮ ವಿದ್ಯಾವಂತರಲ್ಲಿ ಬೆಳೆದಿದೆ. ಪ್ರಶ್ನೆ ಕೇಳಿದ ತರುಣನನ್ನು ‘ಅರಾಜಕ’ನೆಂದು ಕರೆದೊಡನೆ ಉತ್ತರ ಹೇಳುವ ಹೊಣೆ ತಪ್ಪುತ್ತದೆ. ನನ್ನ ಆಕ್ಷೇಪವಿರುವುದು ಈ ಅನುಕೂಲಕ್ಕೆ.

ನಾನು ಅರಾಜಕವಾದಿಯಲ್ಲ. ಸರಕಾರದ ಸಂಬಳ ಪಡೆದು ಪಾಠ ಹೇಳಿದವನು, ಇಂದಿಗೂ ಪಿಂಚಣಿಯ ದಾರಿ ಕಾಯುವವನು. ಆದರೂ ಎದುರಾಳಿಯ ಮಾತನ್ನು ಮೊದಲು ಅವನೇ ತಲೆದೂಗುವಂತೆ ಮಂಡಿಸಿ ಬಳಿಕ ಖಂಡಿಸುವುದು ನಮ್ಮ ಶಾಸ್ತ್ರಕಾರರ ಪದ್ಧತಿ. ಪೂರ್ವಪಕ್ಷವನ್ನೇ ಕೇಳದೆ ಸಿದ್ಧಾಂತ ಹೇಳಹೊರಟವನಿಗೆ ಅವರ ಸಭೆಯಲ್ಲಿ ಮಣೆಯಿರಲಿಲ್ಲ.

ಪದದಿಂದಲೇ ಆರಂಭಿಸೋಣ. ಗ್ರೀಕ್ ಮೂಲದ ‘ಅನಾರ್ಕಿ’ ಎಂದರೆ ಆಳುವವನಿಲ್ಲದ ಸ್ಥಿತಿ. ನಮ್ಮ ‘ಅರಾಜಕ’ವೂ ಅಕ್ಷರಶಃ ಅದೇ. ದಶರಥನು ತೀರಿಕೊಂಡ ಬಳಿಕ, ಅರಸನಿಲ್ಲದ ನಾಡಿಗೆ ಒದಗುವ ಕೇಡುಗಳನ್ನು ಅಯೋಧ್ಯಾಕಾಂಡವು ವಿಸ್ತಾರವಾಗಿ ವರ್ಣಿಸುತ್ತದೆ. ಅರ್ಥಶಾಸ್ತ್ರದ ಮತ್ಸ್ಯನ್ಯಾಯವನ್ನೂ ನಾವು ಬಲ್ಲೆವು. ಅರಸನಿಲ್ಲದಿದ್ದರೆ ಅಂಕೆಯೂ ಇಲ್ಲವೆಂಬ ನಂಬಿಕೆಗೆ ಇಂಥ ನೀರು ಬಹುಕಾಲದಿಂದ ಸಿಕ್ಕಿದೆ. ಆದರೆ ಶಾಂತಿಪರ್ವದಲ್ಲಿ ಭೀಷ್ಮನು ಧರ್ಮರಾಯನಿಗೆ ಹೇಳುವ ವೃತ್ತಾಂತವನ್ನು ನೆನೆಯುವವರು ವಿರಳ. ಆದಿಯಲ್ಲಿ ಅರಸೊತ್ತಿಗೆಯೇ ಇಲ್ಲದ ಕಾಲವೊಂದಿತ್ತು, ಆಗ ಜನರು ಪರಸ್ಪರ ರಕ್ಷಣೆಯಿಂದಲೇ ಬಾಳಿದರು, ಮೋಹಲೋಭಗಳು ಹೊಕ್ಕ ಮೇಲಷ್ಟೇ ರಾಜನು ಬೇಕಾದನು ಎನ್ನುತ್ತಾನೆ ಆತ. ಅರಸನಿಲ್ಲದ ವ್ಯವಸ್ಥೆಯನ್ನು ಕಲ್ಪಿಸಿಕೊಳ್ಳುವುದು ನಮ್ಮ ಪರಂಪರೆಗೆ ಅಸಾಧ್ಯವೆನಿಸಿರಲಿಲ್ಲ.

ಫ್ರಾನ್ಸಿನ ಪ್ರೂಧೋನ್ 1840ರಲ್ಲಿ, ಆಸ್ತಿಯೆಂದರೇನೆಂದು ಕೇಳಿ ಬರೆದ ಗ್ರಂಥದಲ್ಲಿ, ತಾನು ಅರಾಜಕವಾದಿಯೆಂದು ಸಾರಿಕೊಂಡ. ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದ ಈ ಮನುಷ್ಯ ಬಯಸಿದ್ದು ಗೊಂದಲವನ್ನಲ್ಲ, ವ್ಯವಸ್ಥೆಯನ್ನೇ. ಆದರೆ ಅದು ಮೇಲಿನ ಆಜ್ಞೆಯಿಂದ ಇಳಿದು ಬಾರದೆ, ಸಮಾನರ ಒಪ್ಪಂದದಿಂದ ಮೂಡಬೇಕೆಂಬುದು ಅವನ ಪಟ್ಟು.

ಇನ್ನು ಬಾಂಬಿನ ಆಪಾದನೆ. ಇದು ಪೂರ್ಣ ಸುಳ್ಳಲ್ಲ. 1894ರಲ್ಲಿ ಫ್ರಾನ್ಸಿನ ಅಧ್ಯಕ್ಷ ಕಾರ್ನೊ, 1900ರಲ್ಲಿ ಇಟಲಿಯ ದೊರೆ ಉಂಬೆರ್ತೊ, 1901ರಲ್ಲಿ ಅಮೆರಿಕದ ಅಧ್ಯಕ್ಷ ಮೆಕಿನ್ಲಿ, ಈ ಮೂವರನ್ನೂ ಕೊಂದವರು ತಮ್ಮನ್ನು ಅರಾಜಕವಾದಿಗಳೆಂದು ಕರೆದುಕೊಂಡವರೇ. ಆ ಕೊಲೆಗಳನ್ನು ಯಾವ ದರ್ಶನದ ನೀರಿನಿಂದಲೂ ತೊಳೆಯಲಾಗದು. ಆದರೆ ಇವರ ಪಾಪಕ್ಕೆ ದರ್ಶನವನ್ನೇ ಗಲ್ಲಿಗೇರಿಸುವುದಾದರೆ, ರಾಷ್ಟ್ರದ ಹೆಸರಿನಲ್ಲೂ ದೇವರ ಹೆಸರಿನಲ್ಲೂ ಹರಿದ ನೆತ್ತರಿನ ಲೆಕ್ಕದಲ್ಲಿ ಯಾವ ದರ್ಶನ ಉಳಿದೀತು? 1914ರಿಂದ ನಾಲ್ಕು ವರ್ಷ ಯುರೋಪಿನ ಹೊಲಗಳಲ್ಲಿ ಲಕ್ಷಲಕ್ಷ ತರುಣರನ್ನು ಮಣ್ಣುಗೂಡಿಸಿದ್ದು ಸುವ್ಯವಸ್ಥಿತ ಸರಕಾರಗಳು, ಮುದ್ರೆಯೊತ್ತಿದ ಆಜ್ಞಾಪತ್ರಗಳೊಂದಿಗೆ.

ಮೇ ದಿನದ ರಜೆಯನ್ನು ಅನುಭವಿಸುವ ನಮ್ಮಲ್ಲಿ ಎಷ್ಟು ಮಂದಿಗೆ ಅದರ ಬೇರು ಗೊತ್ತು? ದಿನಕ್ಕೆ ಎಂಟೇ ಗಂಟೆಯ ದುಡಿಮೆ ಬೇಕೆಂಬ ಚಳವಳಿಯ ಕಾಲದಲ್ಲಿ, 1886ರ ಮೇ 4ರಂದು, ಚಿಕಾಗೋದ ಹೇಮಾರ್ಕೆಟ್ಟಿನ ಸಭೆಯೊಂದರಲ್ಲಿ ಪೊಲೀಸರ ಮೇಲೆ ಬಾಂಬು ಬಿತ್ತು. ಎಸೆದವನಾರೆಂದು ಸಿದ್ಧಪಡಲೇ ಇಲ್ಲ. ಆದರೂ ಎಂಟು ಮಂದಿ ಅರಾಜಕವಾದಿಗಳನ್ನು ಅಪರಾಧಿಗಳೆಂದು ತೀರ್ಮಾನಿಸಿ, ಮರುವರ್ಷದ ನವೆಂಬರ್ 11ರಂದು ನಾಲ್ವರನ್ನು ಗಲ್ಲಿಗೇರಿಸಿದರು. 1893ರಲ್ಲಿ ಇಲಿನಾಯ್ ರಾಜ್ಯದ ಗವರ್ನರ್ ಆಲ್ಟ್‌ಗೆಲ್ಡ್, ಸೆರೆಯಲ್ಲಿ ಉಳಿದಿದ್ದ ಮೂವರನ್ನು ಬಿಡಿಸಿ, ಆ ವಿಚಾರಣೆಯ ಅನ್ಯಾಯವನ್ನು ಬಯಲಿಗೆಳೆದ. ಸತ್ತ ನಾಲ್ವರಿಗೆ ಅದರಿಂದ ಆಗಬೇಕಾದುದೇನಿತ್ತು?

ನಿಯಮವಿಲ್ಲ, ಸಂಘಟನೆಯಿಲ್ಲ ಎಂಬ ಆರೋಪಕ್ಕೆ ಕ್ರೊಪೊಟ್ಕಿನ್ನನ ಬರಹವೇ ಉತ್ತರ. ರಷ್ಯದ ಕುಲೀನ ಮನೆತನದಲ್ಲಿ ಹುಟ್ಟಿ ಭೂಗೋಳಶಾಸ್ತ್ರಜ್ಞನಾದ ಈತ ಸೈಬೀರಿಯದ ಚಳಿಯಲ್ಲಿ ಪ್ರಾಣಿಗಳು ಗುಂಪುಗೂಡಿ ಉಳಿಯುವುದನ್ನು ಕಣ್ಣಾರೆ ಕಂಡಿದ್ದ. ಜೀವಜಾಲದಲ್ಲಿ ಕಾದಾಟದಷ್ಟೇ ಸಹಾಯವೂ ಇದೆಯೆಂದು ವಾದಿಸುವ ಅವನ ಗ್ರಂಥ 1902ರಲ್ಲಿ ಹೊರಬಂತು. ಇನ್ನೊಂದು ಕೃತಿಯಲ್ಲಿ ಅವನು ಕೊಡುವ ಉದಾಹರಣೆ ಕಡಲ ಕರೆಯ ನಮಗೆ ಬಲು ಹತ್ತಿರದ್ದು: ಇಂಗ್ಲೆಂಡಿನ ಜೀವರಕ್ಷಕ ದೋಣಿಗಳ ಸಂಸ್ಥೆ. ಬಿರುಗಾಳಿಯ ರಾತ್ರಿ ಹಡಗೊಂದು ಬಂಡೆಗೆ ಬಡಿದರೆ, ಕರಾವಳಿಯ ಊರವರೇ ಸ್ವಯಂಸೇವಕರಾಗಿ ದೋಣಿ ನೂಕಿ ಹೊರಡುತ್ತಾರೆ. ಅವರನ್ನು ಕಡಲಿಗಿಳಿಸುವುದು ಮಂತ್ರಿಯ ಸುತ್ತೋಲೆಯಲ್ಲ. ಆದರೆ ಅಲ್ಲಿ ಶಿಸ್ತಿಲ್ಲವೇ? ಹುಟ್ಟು ಹಿಡಿದವನೊಬ್ಬ ತಪ್ಪಿದರೆ ದೋಣಿಯೇ ಮಗುಚುತ್ತದೆ! ನಮ್ಮ ಗಡಿನಾಡಿನ ಸಂಘಗಳನ್ನಾದರೂ ಯಾವ ಸರಕಾರ ಹುಟ್ಟಿಸಿತು? ಮನೆಮನೆಯಿಂದ ಅಕ್ಕಿ, ತೆಂಗಿನಕಾಯಿ ತಂದು ಸಮ್ಮೇಳನದ ಊಟ ಬಡಿಸುವವರು ಯಾವ ಆಜ್ಞೆಗೆ ಕಾದಿದ್ದರು? (ಅನುದಾನದ ಅರ್ಜಿಗಳ ಕಡತ ನಮ್ಮಲ್ಲೂ ದಪ್ಪವಾಗುತ್ತಿದೆಯೆಂಬುದು ಬೇರೆ ಮಾತು.)

ಅರಾಜಕವಾದಿಯೂ ಕಮ್ಯೂನಿಸ್ಟನೂ ಒಂದೇ ಎನ್ನುವವರು 1872ನೆಯ ಇಸವಿಯನ್ನು ನೋಡಲಿ. ಹೇಗ್ ನಗರದ ಅಧಿವೇಶನದಲ್ಲಿ ಮಾರ್ಕ್ಸನ ಪಕ್ಷದವರು ಬಕುನಿನ್‌ನನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಘದಿಂದ ಉಚ್ಚಾಟಿಸಿದರು. ಗದ್ದುಗೆಯೇರಿದ ಕಾರ್ಮಿಕನು ಕಾರ್ಮಿಕನಾಗಿ ಉಳಿಯುವುದಿಲ್ಲ, ಆಳುವವನೇ ಆಗುತ್ತಾನೆ ಎಂಬುದು ಬಕುನಿನ್ನನ ಎಚ್ಚರಿಕೆಯಾಗಿತ್ತು. ಕ್ರಾಂತಿಯ ಬಳಿಕ ರಷ್ಯಕ್ಕೆ ನಡೆದ ಕಥೆ ಲೋಕಕ್ಕೆ ತಿಳಿದಿದೆ. ಒತ್ತೆಯಾಳುಗಳನ್ನು ಹಿಡಿಯುವ ನೀತಿಯನ್ನು ವಿರೋಧಿಸಿ ಮುದುಕ ಕ್ರೊಪೊಟ್ಕಿನ್ 1920ರಲ್ಲಿ ಲೆನಿನ್ನನಿಗೇ ಪತ್ರ ಬರೆದ. ಮರುವರ್ಷ ಫೆಬ್ರವರಿಯಲ್ಲಿ ಆತ ಸತ್ತಾಗ, ಶವಯಾತ್ರೆಗೆಂದು ಕೆಲವು ಅರಾಜಕವಾದಿ ಕೈದಿಗಳನ್ನು ಮಾಸ್ಕೋದ ಸೆರೆಮನೆಯಿಂದ ಒಂದು ದಿನದ ಮಟ್ಟಿಗೆ ಹೊರಬಿಟ್ಟಿದ್ದರು.

ಇದೆಲ್ಲ ಪರದೇಶದ ಸರಕು ಎನ್ನುವವರಿಗೆ 1916ರ ಫೆಬ್ರವರಿಯ ಕಾಶಿಯನ್ನು ನೆನಪಿಸಬೇಕು. ಹಿಂದೂ ವಿಶ್ವವಿದ್ಯಾನಿಲಯದ ಸಮಾರಂಭದಲ್ಲಿ, ಒಡವೆ ಹೇರಿಕೊಂಡ ಮಹಾರಾಜರ ಎದುರಿನಲ್ಲೇ, ತಾನೂ ಒಬ್ಬ ಅರಾಜಕವಾದಿ, ಆದರೆ ಬೇರೆ ಬಗೆಯವನು ಎಂದವರು ಗಾಂಧೀಜಿ. ಆನಿ ಬೆಸೆಂಟರು ಮಧ್ಯೆ ತಡೆದರು, ಭಾಷಣ ಪೂರ್ತಿಯಾಗಲಿಲ್ಲ. ಅವರು ಗುರುಸ್ಥಾನದಲ್ಲಿಟ್ಟಿದ್ದ ಟಾಲ್‌ಸ್ಟಾಯ್ ಸೇನೆ, ನ್ಯಾಯಾಲಯ, ಸರಕಾರ ಯಾವುದನ್ನೂ ಒಪ್ಪದವನು, ಹಾಗೆಯೇ ಇರುವೆಯಷ್ಟು ಹಿಂಸೆಯನ್ನೂ ಒಪ್ಪದವನು. ಬಾಂಬಿನ ವಾದ ಅವನ ಮುಂದೆ ಏನಾಗುತ್ತದೆ?

ಈಗ ನನ್ನ ಭಿನ್ನಮತ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರರು ಬಳಸಿದ ‘ಅರಾಜಕತೆಯ ವ್ಯಾಕರಣ’ ಎಂಬ ಮಾತನ್ನು ಎಲ್ಲರೂ ಉದ್ಧರಿಸುತ್ತಾರೆ. ಅವರು ಅಲ್ಲಿ ಹೇಳಿದ್ದು ಪ್ರತಿಭಟನೆಯ ವಿಧಾನಗಳ ವಿಚಾರ, ಪ್ರೂಧೋನನ ದರ್ಶನದ ವಿಮರ್ಶೆಯಲ್ಲ. ಸತ್ಯಾಗ್ರಹವನ್ನೂ ಅದೇ ಪಟ್ಟಿಗೆ ಸೇರಿಸಿದ್ದರೆಂಬುದನ್ನು ಉದ್ಧರಿಸುವವರು ಮರೆಮಾಚುತ್ತಾರೆ. ಅರಾಜಕವಾದಕ್ಕೆ ಅಂಬೇಡ್ಕರರ ಬದುಕಿನಿಂದ ಏಳುವ ನಿಜವಾದ ಸವಾಲು ಇರುವುದು ಮಹಾಡದ ಚೌದಾರ ಕೆರೆಯಲ್ಲಿ. ಆ ಕೆರೆ ಎಲ್ಲರಿಗೂ ಮುಕ್ತವೆಂದು ಪುರಸಭೆಯ ಠರಾವು ಆಗಿತ್ತು. ಆದರೂ 1927ರ ಮಾರ್ಚ್ 20ರಂದು ಅಂಬೇಡ್ಕರರೂ ಅವರ ಸಂಗಡಿಗರೂ ನೀರು ಮುಟ್ಟಿದಾಗ ಸವರ್ಣೀಯರು ದೊಣ್ಣೆ ಹಿಡಿದು ಬಂದರು, ಬಳಿಕ ಕೆರೆಯನ್ನು ‘ಶುದ್ಧೀಕರಿಸಿದರು’. ದೋಣಿ ನೂಕಿದವರು ಸ್ವಯಂಪ್ರೇರಿತರು. ದೊಣ್ಣೆ ಹಿಡಿದವರೂ ಸ್ವಯಂಪ್ರೇರಿತರೇ. ಪ್ರಭುತ್ವ ಹಿಂದೆ ಸರಿದ ಊರಿನಲ್ಲಿ ದಲಿತನ ಕೊಡಕ್ಕೆ ನೀರು ತುಂಬಿಸುವವರು ಯಾರು? ಅರಾಜಕವಾದಿಯನ್ನು ಎದುರಿಸಬೇಕಾದುದು ಈ ಪ್ರಶ್ನೆಯಿಂದ, ಪತ್ರಿಕೆಯ ತಲೆಬರಹದಿಂದಲ್ಲ.

ಅವನೂ ಸುಮ್ಮನಿರಲಾರ. ಅದೇ ವರ್ಷ ಆ ಪುರಸಭೆಯೇ ತನ್ನ ಠರಾವನ್ನು ಹಿಂದಕ್ಕೆ ಪಡೆಯಿತಲ್ಲವೇ ಎಂದು ಕೇಳುತ್ತಾನೆ. ಹೌದು, ಪಡೆಯಿತು. ಮುಂಬಯಿ ಉಚ್ಚ ನ್ಯಾಯಾಲಯವು ದಲಿತರ ಪರವಾಗಿ ತೀರ್ಪು ಕೊಟ್ಟದ್ದು 1937ರಲ್ಲಿ.