ಬಾಗಳಿಯ ಶಾಸನಗಳ ವಿಳಾಸ

ಹರಪನಹಳ್ಳಿಗೆ ಸಮೀಪದ ಬಾಗಳಿಯಲ್ಲಿ, ಕಲ್ಲೇಶ್ವರ ದೇವಾಲಯಕ್ಕೆ ಸಂಬಂಧಿಸಿದ ಮೂವತ್ತಕ್ಕೂ ಮಿಕ್ಕ ಹಳಗನ್ನಡ ಶಾಸನಗಳು ದೊರೆತಿವೆ. ದೇವಾಲಯ ಇದ್ದಲ್ಲಿಯೇ ಇದೆ. ಅದರ ವಿಳಾಸ ಮಾತ್ರ ಅಲೆಯುತ್ತಲೇ ಬಂದಿದೆ. 1939ರಲ್ಲಿ 'ದಕ್ಷಿಣ ಭಾರತದ ಶಾಸನಗಳು' ಗ್ರಂಥಮಾಲೆಯ ಒಂಬತ್ತನೆಯ ಸಂಪುಟವು ಅಚ್ಚಾದಾಗ ಆ ಊರು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿತ್ತು. 1953ರಲ್ಲಿ ಮೈಸೂರು ರಾಜ್ಯವನ್ನು ಸೇರಿತು. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು. 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ಹಗರಿಬೊಮ್ಮನಹಳ್ಳಿ, ಕೊಟ್ಟೂರುಗಳಂತೂ ಆ ಸಂಪುಟದ ಕಾಲಕ್ಕೆ ತಾಲ್ಲೂಕುಗಳೇ ಆಗಿರಲಿಲ್ಲ. ಗ್ರಂಥಭಂಡಾರದ ಪಟ್ಟಿಯ ಮುಂದೆ ಕುಳಿತ ವಿದ್ಯಾರ್ಥಿಯು ಯಾವ ಹೆಸರಿನಡಿಯಲ್ಲಿ ಹುಡುಕಬೇಕು?

ಕಾಗದಪತ್ರಗಳ ಪಾಡು ಇನ್ನೂ ಕಷ್ಟದ್ದು. ಕರ್ನಲ್ ಮೆಕೆಂಜಿಯ ಸಹಾಯಕರು ಬಳ್ಳಾರಿ ಸೀಮೆಯಲ್ಲಿ ಸುತ್ತಿ, ಊರೂರಿನ ಕೈಫಿಯತ್ತುಗಳನ್ನು ಬರೆಸಿಕೊಂಡರು. 1821ರಲ್ಲಿ ಅವನು ತೀರಿಕೊಂಡ ಮೇಲೆ ಸಂಗ್ರಹದ ಒಂದು ಭಾಗ ಲಂಡನ್ನಿಗೆ ಹಡಗೇರಿತು, ಇನ್ನೊಂದು ಮದರಾಸಿಗೆ ಬಂದಿತು. ಒಬ್ಬನೇ ಕೂಡಿಟ್ಟ ಗಂಟನ್ನು ಬಿಚ್ಚಿ ನೋಡಲು ಎರಡು ಖಂಡಗಳ ಬಾಗಿಲು ತಟ್ಟಬೇಕು.

ಇಂತಹ ತೊಡಕನ್ನು ಬಿಡಿಸಲೆಂದೇ 2011ರಲ್ಲಿ ಸ್ಟ್ಯಾನ್‌ಫರ್ಡ್, ಆಕ್ಸ್‌ಫರ್ಡ್, ಬ್ರಿಟಿಷ್ ಲೈಬ್ರರಿ ಮೊದಲಾದ ಸಂಸ್ಥೆಗಳು ಕೂಡಿ ಒಂದು ಕಟ್ಟಳೆಯನ್ನು ರೂಪಿಸತೊಡಗಿದವು. ಅದಕ್ಕೆ 'ಟ್ರಿಪಲ್ ಐ ಎಫ್' ಎಂದು ಹೆಸರು. ಅದರಂತೆ ಚಿತ್ರವು ತನ್ನ ಭಂಡಾರವನ್ನು ಬಿಟ್ಟು ಕದಲಬೇಕಾಗಿಲ್ಲ. ಯಾವ ಪುಟ, ಅದರ ಯಾವ ಮೂಲೆ, ಎಷ್ಟು ದೊಡ್ಡದಾಗಿ ಎಂದು ಗೊತ್ತಾದ ಕ್ರಮದಲ್ಲಿ ಕೇಳಿದರೆ, ಅಷ್ಟು ತುಣುಕನ್ನು ಮಾತ್ರ ಭಂಡಾರವು ಕಳುಹಿಸಿಕೊಡುತ್ತದೆ. ಹಾಗೆ ಕೇಳಿ ತರಿಸಿ ತೋರಿಸುವ ತಂತ್ರಾಂಶಗಳಲ್ಲಿ ಹೆಸರಾದುದು 'ಮಿರಾಡೋರ್'. ಎತ್ತರದಿಂದ ಸುತ್ತ ನೋಡುವ ತಾಣವೆಂದು ಸ್ಪ್ಯಾನಿಷ್ ಭಾಷೆಯಲ್ಲಿ ಆ ಪದದ ಅರ್ಥ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿ, ಹಾರ್ವರ್ಡಿನ ನೆರವನ್ನೂ ಪಡೆದ ಇದಕ್ಕೆ ಬೆಲೆಯಿಲ್ಲ. ಒಳಗಿನ ಬರೆಹವನ್ನು ಯಾರಾದರೂ ಓದಬಹುದು, ತಿದ್ದಿ ಬಳಸಬಹುದು. ಈ ಕಟ್ಟಳೆಯನ್ನು ಒಪ್ಪಿದ ಯಾವ ದೇಶದ ಭಂಡಾರದ ಹಾಳೆಗಳನ್ನಾದರೂ ಒಂದೇ ತೆರೆಯ ಮೇಲೆ ಅಕ್ಕಪಕ್ಕದಲ್ಲಿ ಹರಡಿಕೊಳ್ಳಬಹುದು.

ಆದರೆ ಕೂಡ್ಲಿಗಿ, ಹಡಗಲಿಗಳ ಮಟ್ಟಿಗೆ ಹೆಚ್ಚು ಬೆಲೆಯುಳ್ಳದ್ದು ಇದರ ಇನ್ನೊಂದು ಗುಣ. ಚಿತ್ರದ ಒಂದು ಭಾಗಕ್ಕೆ ಚೌಕಟ್ಟು ಹಾಕಿ ಅಲ್ಲಿಯೇ ಟಿಪ್ಪಣಿ ಬರೆಯಬಹುದು. ಟಿಪ್ಪಣಿಯು ಬೇರೆಯೇ ಕಡೆ ಉಳಿಯುತ್ತದೆ. ಚಿತ್ರದ ವಿಳಾಸ, ಚೌಕಟ್ಟಿನ ಅಳತೆಗಳಷ್ಟೇ ಅದರೊಡನೆ ಇರುತ್ತವೆ. ಮೂಲ ಚಿತ್ರಕ್ಕೆ ಗೀರೂ ತಾಗದು. ಅಚ್ಚಾದ ಶಾಸನಪಾಠದಲ್ಲಿ ಅಕ್ಷರ ಸವೆದೆಡೆ ಸಂಪಾದಕರು ಚುಕ್ಕೆಗಳನ್ನಿಟ್ಟು ಮುಂದೆ ಸಾಗುತ್ತಾರೆ, ಬೇರೇನು ಮಾಡಿಯಾರು? ದತ್ತಿಭೂಮಿಯ ಎಲ್ಲೆ ಹೇಳುವ ಸಾಲಿನಲ್ಲಿ ಕೆರೆಯ ಹೆಸರು ಅರ್ಧ ಅಳಿಸಿದ್ದರೆ, ಪಂಡಿತನಿಗೆ ತೋಚದ ಉಳಿದರ್ಧವು ಆ ಊರಿನ ಒಕ್ಕಲಿಗನ ಬಾಯಲ್ಲಿ ಇಂದಿಗೂ ಇದ್ದೀತು. ಶಾಸನಗಳಲ್ಲಿ 'ಕೋಗಳಿ ಐನೂರು' ಎಂದು ಬರುವ ನಾಡಿನ ಕೋಗಳಿ ಇಂದೂ ಜನವಸತಿಯ ಹಳ್ಳಿ. ಅಲ್ಲಿನ ಉಪಾಧ್ಯಾಯರೊಬ್ಬರು ಹಿರಿಯರನ್ನು ಕೇಳಿ ಟಿಪ್ಪಣಿ ಸೇರಿಸಿದರೆ, ವಿದ್ವಾಂಸನು ಒಪ್ಪದಿದ್ದರೂ ಚಿಂತೆಯಿಲ್ಲ. ಅವನ ಟಿಪ್ಪಣಿಗೂ ಪಕ್ಕದಲ್ಲಿಯೇ ಜಾಗವಿದೆ. ಹಳೆಯ ಮದರಾಸಿನ ವಿಳಾಸದ ಕೆಳಗೆ ಇಂದಿನ ತಾಲ್ಲೂಕನ್ನು ಬರೆದಿಡುವುದಕ್ಕೂ ಇದೇ ದಾರಿ.

ಇದಕ್ಕೂ ಕುಂದುಗಳಿವೆ. ಭಂಡಾರದ ಬಾಗಿಲು ಮುಚ್ಚಿದರೆ ಗೋಪುರದಿಂದ ಕಾಣುವುದು ಬರಿಯ ಬಯಲು. 2023ರ ಅಕ್ಟೋಬರಿನಲ್ಲಿ ಗಣಕಚೋರರ ದಾಳಿಯಿಂದ ಬ್ರಿಟಿಷ್ ಲೈಬ್ರರಿಯ ಚಿತ್ರಗಳು ಬಹುಕಾಲ ದೂರದ ಓದುಗರಿಗೆ ದೊರೆಯದೆಹೋದವು. ಚಿತ್ರವನ್ನೇ ತೆಗೆಯದಿದ್ದರಂತೂ ತಂತ್ರಾಂಶಕ್ಕೆ ಕೆಲಸವೇ ಇಲ್ಲ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು 2021ರಿಂದ ಬೆಂಗಳೂರು ಸೀಮೆಯ ಕಲ್ಲುಗಳ ಉಬ್ಬುತಗ್ಗುಗಳನ್ನೂ ಸೆರೆಹಿಡಿಯುವ ಕೆಲಸವನ್ನು ಕೈಗೊಂಡರು. ಈ ಐದು ತಾಲ್ಲೂಕುಗಳಲ್ಲಿ ಹಾಗೆ ಕೆಲಸಕ್ಕೆ ಇಳಿಯುವವರಿಗೆ, ಎಣ್ಣೆ ಸುಣ್ಣಗಳು ಮೆತ್ತುವ ಮೊದಲೇ ಇಳಿಹೊತ್ತಿನ ಓರೆಬಿಸಿಲಿನಲ್ಲಿ ಕಲ್ಲಿನ ಮುಂದೆ ನಿಲ್ಲುವ ಒಂದು ಕ್ಯಾಮೆರಾ ಆರಂಭಕ್ಕೆ ಸಾಕು.