ಪಾಠದ ಪ್ರಯೋಜನ ಮತ್ತು ಅಧಿಕಾರಿ

ಶಾಸ್ತ್ರಗ್ರಂಥವನ್ನು ಆರಂಭಿಸುವ ಮುನ್ನ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ನಿರೂಪಿಸುವುದು ಪ್ರಾಚೀನರ ಪದ್ಧತಿ. ಇದಕ್ಕೆ ಅನುಬಂಧ ಚತುಷ್ಟಯವೆಂದು ಹೆಸರು. ಇಲ್ಲಿ ಅಧಿಕಾರಿಯೆಂದರೆ ಹುದ್ದೆಯಲ್ಲಿರುವವನಲ್ಲ, ಕಲಿಯಲು ಅರ್ಹನಾಗಿ ಬಂದವನು. ಏನನ್ನು ಕಲಿಸಬೇಕು, ಅದರಿಂದ ಫಲವೇನು, ಕಲಿಯುವವನು ಎಂಥವನು ಎಂಬುದು ನಿಶ್ಚಯವಾಗದೆ ಪಾಠವೇ ಇಲ್ಲ.

ಅಮೇರಿಕೆಯ ಶಿಕ್ಷಣತಜ್ಞ ರಾಲ್ಫ್ ಟೈಲರ್ 1949ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಉದ್ದೇಶದ ಪ್ರಶ್ನೆಯನ್ನೇ ಮೊದಲು ಇಟ್ಟರು. ಎನ್.ಸಿ.ಇ.ಆರ್.ಟಿ. ಸಂಸ್ಥೆಯು ಒಂದರಿಂದ ಎಂಟನೆಯ ತರಗತಿಯವರೆಗಿನ ಕಲಿಕಾ ಫಲಗಳನ್ನು 2017ರಲ್ಲಿ ಪ್ರಕಟಿಸಿತು. ಆದುದರಿಂದ ಕಲಿಕಾ ಫಲವನ್ನು ಹೊಸ ಹೊರೆಯೆಂದು ದೂರುವುದು ಸಲ್ಲದು. ದೂರಬೇಕಾದುದು ಅದನ್ನು ಬರೆಯುವ ರೀತಿಯನ್ನು.

ಪಾಠ ಟಿಪ್ಪಣಿಯಲ್ಲಿ "ವಿದ್ಯಾರ್ಥಿಗಳು ಭಾಮಿನೀ ಷಟ್ಪದಿಯ ಲಕ್ಷಣವನ್ನು ತಿಳಿಯುವರು" ಎಂದು ಬರೆದರೆ ತಪಾಸಣೆಗೆ ಬಂದವರು ತೃಪ್ತರಾಗಬಹುದು. ತಿಳಿದರೋ ಇಲ್ಲವೋ ಎಂದು ಕಾಣುವ ಬಗೆ ಅದರಲ್ಲಿಲ್ಲ. "ಹಿಂದೆ ಓದದ ಪದ್ಯಕ್ಕೆ ಲಘು ಗುರುಗಳನ್ನು ಹಾಕಿ, ಮೂರು ಮತ್ತು ನಾಲ್ಕು ಮಾತ್ರೆಗಳ ಗಣಗಳನ್ನು ವಿಂಗಡಿಸಿ, ಮೂರನೆಯ ಹಾಗೂ ಆರನೆಯ ಪಾದಗಳು ಮೊದಲನೆಯದರ ಒಂದೂವರೆಯಷ್ಟಾಗಿ ಮೇಲೊಂದು ಗುರುವನ್ನು ಪಡೆದಿರುವುದನ್ನು ತೋರಿಸುವರು" ಎಂದು ಬರೆದರೆ ಪಾಠದ ದಿಕ್ಕೇ ಬದಲಾಗುತ್ತದೆ. ಆಗ ಅಧ್ಯಾಪಕರು ಲಕ್ಷಣವನ್ನು ಒಪ್ಪಿಸಿ ಹೊರಡಲಾರರು. ಸೀಮೆಸುಣ್ಣವನ್ನು ಕೊನೆಯ ಬೆಂಚಿನ ಹುಡುಗನ ಕೈಗೆ ಕೊಡಲೇಬೇಕಾಗುತ್ತದೆ.

ಈ ವಿವೇಕ ನಮ್ಮ ಸೀಮೆಗೆ ಅಪರಿಚಿತವಲ್ಲ. ಹಾವೇರಿಯ ಏಲಕ್ಕಿ ಮಾಲೆ ಕಟ್ಟುವವರು ಮಾಲೆಯ ರೂಪವನ್ನು ಮನದಲ್ಲಿ ನಿಲ್ಲಿಸಿಕೊಂಡೇ ಕಾಯಿಗಳನ್ನು ಆರಿಸುತ್ತಾರೆ. ರಾಣೇಬೆನ್ನೂರು ಭಾಗದಲ್ಲಿ ಬೀಜೋತ್ಪಾದನೆ ಮಾಡುವ ರೈತನು ಬೇಕಾದ ತಳಿಯನ್ನು ನಿಶ್ಚಯಿಸಿಕೊಂಡೇ ಹೂವಿಗೆ ಪರಾಗ ಮುಟ್ಟಿಸುತ್ತಾನೆ. ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿಗೆ ಖಾರಕ್ಕಿಂತ ಬಣ್ಣ ನೋಡಿ ಬೆಲೆ ಕಟ್ಟುವರು. ಯಾವ ಗುಣವನ್ನು ನೋಡಬೇಕೆಂಬುದು ಅಲ್ಲಿ ಎಲ್ಲರಿಗೂ ಗೊತ್ತು.

ಆದರೆ ಮಕ್ಕಳು ಪೇಟೆಯ ರಾಶಿಯಲ್ಲ. ಸುತ್ತೋಲೆಯು ಪ್ರಯೋಜನವನ್ನು ಹೇಳಬಲ್ಲುದು. ಅಧಿಕಾರಿಯನ್ನು ಬಲ್ಲವರು ತರಗತಿಯ ಅಧ್ಯಾಪಕರು ಮಾತ್ರ. ಮನೆಯಲ್ಲಿ ಗಮಕ ಕೇಳಿ ಬೆಳೆದ ಮಗುವಿಗೂ, ಮನೆಯಲ್ಲಿ ಪುಸ್ತಕವನ್ನೇ ಕಾಣದ ಹಮಾಲರ ಮಗುವಿಗೂ ಗುರಿ ಒಂದೇ ಇರಲಿ. ಅವರು ಹೊರಡುವ ಸ್ಥಳ ಬೇರೆ. ಎರಡನೆಯ ಮಗುವಿಗೆ ಶಾಲೆಯ ಹೊರಗೆ ತಿದ್ದುವವರಿಲ್ಲ. ಕಲಿತುದನ್ನು ಅಂದಂದೇ ನೋಡದೆ ವಾರ್ಷಿಕ ಪರೀಕ್ಷೆಗೆ ಕಾಯ್ದರೆ, ಆ ಮಗು ಹಿಂದುಳಿದುದು ಕಾಲ ಮೀರಿದ ಮೇಲೆಯೇ ತಿಳಿಯುವುದು.

ಕಾವ್ಯದ ರಸಾನುಭವವನ್ನು ಅಳೆಯಲಾದೀತೆ ಎಂದು ವಿದ್ವಾಂಸರು ಕೇಳುವುದುಂಟು. ಅಳೆಯಲಾಗದು, ನಿಜ. ಆದರೆ ಪದ್ಯವನ್ನು ತಡವರಿಸದೆ ಓದಲಾರದ ಮಗುವಿಗೆ ರಸದ ಬಾಗಿಲು ತೆರೆಯುವುದೆಂತು? ಅಳೆಯಬಹುದಾದುದನ್ನು ಕ್ರಮವಾಗಿ ಸಾಧಿಸಿ, ವಾಚನಕ್ಕೂ ಆಸ್ವಾದನೆಗೂ ಹತ್ತು ನಿಮಿಷಗಳನ್ನು ಉಳಿಸುವುದೇ ಜಾಣತನ.

ಕೊಠಡಿಗಳನ್ನು ಕಟ್ಟಿಸಿಕೊಟ್ಟ ದಾನಿಗಳು ಉತ್ತೀರ್ಣರಾದವರ ಶೇಕಡಾವಾರು ಪ್ರಮಾಣವನ್ನು ಕೇಳುವುದು ರೂಢಿ. ಇನ್ನು ಮುಂದೆ ಅವರೂ ಹಳೆಯ ವಿದ್ಯಾರ್ಥಿಗಳೂ ಕೊನೆಯ ಬೆಂಚಿನ ಮಗುವಿಗೆ ಈ ವಾರ ಏನು ಮಾಡಲು ಬಂದಿತು ಎಂದು ಕೇಳಲಿ. ಆ ಪ್ರಶ್ನೆಗೆ ಪಾಠ ಟಿಪ್ಪಣಿಯೂ ಆ ಮಗುವೂ ಒಂದೇ ಉತ್ತರವನ್ನು ಕೊಟ್ಟ ದಿನ ಅಧ್ಯಾಪನವೂ ಸಾರ್ಥಕ, ದಾನವೂ ಸಾರ್ಥಕ.