ಕಾಳು ಎತ್ತಿಗೆ, ಕಟ್ಟು ಹೆಂಗಸ್ರಿಗೆ

ತೂಕದ ಮಿಷಿನ್ನು ಅರ್ಧ ಸಾಕ್ಷಿ ಹೇಳುತ್ತೆ. ಕೆಜಿ ಎಷ್ಟು ಅಂತ ಹೇಳುತ್ತೆ, ಅದ್ರಾಗೆ ಕೊಬ್ಬು ಎಷ್ಟು, ಮಾಂಸಖಂಡ ಎಷ್ಟು ಅಂತ ಹೇಳಲ್ಲ. ಆ ಅರ್ಧ ಸಾಕ್ಷಿ ನಂಬ್ಕಂಡು ಕಡೂರು, ತರೀಕೆರೆ, ಅಜ್ಜಂಪುರದ ಕಡೆ ನಮ್ಮ ಹೆಂಗಸ್ರು ರಾತ್ರಿ ಊಟ ಬಿಡ್ತಾ ಅವ್ರೆ. ಬೆಳಗ್ಗೆ ನಿಂಬೆಹಣ್ಣಿನ ನೀರು, ರಾತ್ರಿ ಒಂದು ಲೋಟ ಮಜ್ಜಿಗೆ. ಮೂರು ತಿಂಗ್ಳಿಗೆ ಆರು ಕೆಜಿ ಇಳೀತು ಅಂತ ಸಂಭ್ರಮ. ಇಳಿದಿದ್ದು ಏನು ಅಂತ ಮಾತ್ರ ಯಾರೂ ಕೇಳಲ್ಲ. ಬರೀ ಹೊಟ್ಟೆ ಕಟ್ಟಿದ್ರೆ ಕೊಬ್ಬಿನ ಜೊತೆ ಮಾಂಸಖಂಡನೂ ಕರಗುತ್ತೆ ಕಣ್ರಮ್ಮ. ಐವತ್ತು ದಾಟಿದ ಮೇಲೆ ನೆಲದ ಮೇಲಿಂದ ಏಳಕ್ಕೆ ಗೋಡೆ ಹಿಡೀಬೇಕಾಗೋದು ಅದರಿಂದ್ಲೇ.

ನಾನು ಹೇಳೋದು ಇಷ್ಟೆ: ತೂಕ ಇಳಿಸೋ ಹುಚ್ಚು ಬಿಡ್ರಿ. ಕೊಬ್ಬು ಇಳಿಸ್ರಿ, ಮಾಂಸಖಂಡ ಬೆಳೆಸ್ರಿ, ಎರಡೂ ಒಟ್ಟಿಗೇ. ಅದಕ್ಕೆ ಅಡ್ಡ ನಿಂತಿರೋದು ನಮ್ಮ ಮೈಯಲ್ಲ, ನಮ್ಮ ಅಡುಗೆಮನೇಲಿ ಬಡಿಸೋ ಪದ್ಧತಿ.

ಪ್ಯಾಟೆ ಜಿಮ್ಮಿನ ಹುಡುಗ್ರು ಅಂತಾರೆ, ಎರಡೂ ಒಟ್ಟಿಗೆ ಆಗಲ್ಲ, ಮೊದ್ಲು ತಿಂದು ಊದ್ಬೇಕು, ಆಮೇಲೆ ಇಳಿಸ್ಬೇಕು ಅಂತ. ವರ್ಷಗಟ್ಟಲೆ ಸಾಮು ಮಾಡಿ ಈಗಾಗ್ಲೇ ಒಣಗಿರೋ ಮೈಗೆ ಆ ಮಾತು ಸುಮಾರಾಗಿ ಸರಿ. ನಮ್ಮನೇಲಿ ಅಂಥೋರು ಯಾರವ್ರೆ? ಹೊಟ್ಟೆ ಸುತ್ತ ಕೊಬ್ಬಿದ್ದು, ಭಾರ ಎತ್ತೋದೇ ಹೊಸದಾಗಿರೋರಿಗೆ ಎರಡೂ ಒಟ್ಟಿಗೆ ಆಗುತ್ತೆ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದೋರು ತೂಕ ಜಾಸ್ತಿ ಇದ್ದ 40 ಯುವಕರಿಗೆ ನಾಲ್ಕು ವಾರ ಊಟ ಬಿಗಿ ಮಾಡಿ, ಜೊತೆಗೆ ಜೋರು ಕಸರತ್ತು ಮಾಡಿಸಿ 2016ರಲ್ಲಿ ಲೆಕ್ಕ ಪ್ರಕಟಿಸಿದ್ರು. ಪ್ರೋಟೀನ್ ಹೆಚ್ಚು ತಿಂದ ಗುಂಪು ಸರಾಸರಿ 4.8 ಕೆಜಿ ಕೊಬ್ಬು ಕಳ್ಕಂಡು, ಕೊಬ್ಬಲ್ಲದ ಮೈತೂಕ 1.2 ಕೆಜಿ ಗಳಿಸ್ತು. ಪ್ರೋಟೀನ್ ಕಮ್ಮಿ ತಿಂದ ಗುಂಪಿಗೆ ಕೊಬ್ಬು ಇಳೀತು, ಮೈ ಮಾತ್ರ ಬೆಳೀಲಿಲ್ಲ. ಅವರು ವಯಸ್ಸಿನ ಹುಡುಗ್ರು, ನಮಗೆ ನಿಧಾನ ಆಗುತ್ತೆ. ಆದ್ರೆ ದಾರಿ ಅದೇ.

ಕೊಬ್ಬೇ ಕರಗಿ ಮಾಂಸಖಂಡ ಆಗುತ್ತೆ ಅಂತ ತಿಳ್ಕಬೇಡ್ರಿ. ಅಟ್ಟದ ಮೇಲಿನ ಕೊಬ್ಬರಿ ಇಟ್ಟಿಗೆ ಆಗುತ್ತಾ? ಆಗಲ್ಲ. ಕೊಬ್ಬರಿ ಮಾರಿ ಬಂದ ದುಡ್ಡಲ್ಲಿ ಕೂಲಿ ಕೊಟ್ಟು ಗೋಡೆ ಕಟ್ಟಿಸ್ಬೋದು. ಮೈಯಾಗೂ ಹಂಗೇ. ಕೊಬ್ಬು ಕೂಲಿ ದುಡ್ಡು, ಪ್ರೋಟೀನ್ ಇಟ್ಟಿಗೆ, ಭಾರ ಎತ್ತೋದು ಮೇಸ್ತ್ರಿನ ಕರೆಯೋದು. ಇಟ್ಟಿಗೆ ತರದೆ, ಮೇಸ್ತ್ರಿನ ಕರೀದೆ ಬರೀ ಕೊಬ್ಬರಿ ಖಾಲಿ ಮಾಡ್ತಾ ಕೂತ್ರೆ ಗೋಡೆ ಏಳಲ್ಲ.

"ನಾನೇನು ದಪ್ಪ ಇಲ್ಲ, ನಂಗ್ಯಾಕೆ" ಅನ್ನೋರೂ ಅವ್ರೆ. ಪುಣೆಯ ಡಾಕ್ಟರ್ ಚಿತ್ತರಂಜನ್ ಯಾಜ್ಞಿಕ್ ಅವರೂ ಇಂಗ್ಲೆಂಡಿನ ಡಾಕ್ಟರ್ ಜಾನ್ ಯುಡ್ಕಿನ್ ಅವರೂ 2004ರಲ್ಲಿ ತಮ್ಮ ಮೈನೇ ಅಳತೆ ಮಾಡಿಸಿ ಲ್ಯಾನ್ಸೆಟ್ ಪತ್ರಿಕೇಲಿ ಹಾಕಿಸಿದ್ರು. ಇಬ್ಬರ ಬಿಎಂಐ ಒಂದೇ, 22.3. ಕೊಬ್ಬು ಮಾತ್ರ ಇಂಗ್ಲೆಂಡಿನೋರಿಗೆ ಶೇ. 9.1, ನಮ್ಮೋರಿಗೆ ಶೇ. 21.2. ಸಣ್ಣಗೆ ಕಾಣ್ತಾ ಒಳಗೆ ಕೊಬ್ಬು ಇಟ್ಕಂಡಿರೋ ಜನ ನಾವು. ಸಕ್ಕರೆ ಕಾಯ್ಲೆ ಬರಕ್ಕೆ ದಪ್ಪಗೇ ಇರ್ಬೇಕು ಅಂತೇನಿಲ್ಲ. ಸೊಂಟಕ್ಕೆ ಟೇಪ್ ಹಿಡೀರಿ: ಹೆಂಗಸ್ರಿಗೆ 80 ಸೆಂ.ಮೀ., ಗಂಡಸ್ರಿಗೆ 90 ದಾಟಿದ್ರೆ ಎಚ್ಚರ. ತೂಕ ಅಲ್ಲಾಡದೆ ಸೊಂಟ ಇಳೀತಾ ಇದ್ರೆ ನೀವು ಗೆಲ್ತಾ ಇದೀರಿ.

ಈಗ ಬಡಿಸೋ ವಿಷ್ಯಕ್ಕೆ ಬತ್ತೀನಿ. ಹುರಳಿ ಬೇಯಿಸಿ ಕಟ್ಟು ಬಸಿದು ಸಾರು ಮಾಡೋದು, ಬೆಂದ ಕಾಳು ಎತ್ತಿಗೆ ಹಾಕೋದು ನಮ್ಮ ಹಳೇ ಪದ್ಧತಿ. ನೂರು ಗ್ರಾಂ ಹುರಳೀಲಿ ಸುಮಾರು 22 ಗ್ರಾಂ ಪ್ರೋಟೀನ್ ಐತೆ, ಅದ್ರಾಗೆ ಹೆಚ್ಚಿನದು ಕಾಳಲ್ಲೇ ಉಳಿಯುತ್ತೆ, ಕಟ್ಟಲ್ಲಲ್ಲ. ಎತ್ತು ಉಳೋದು, ಅದಕ್ಕೆ ಹಾಕಿದ್ದು ನ್ಯಾಯ. ಈಗ ಎತ್ತು ಹೋಗಿ ಟ್ರ್ಯಾಕ್ಟ್ರು ಬಂತು, ಬಡಿಸೋ ಸೌಟು ಮಾತ್ರ ಬದಲಾಗ್ಲಿಲ್ಲ. ಬಾಡಿನ ದಿನ ತುಂಡು ಗಂಡಸ್ರಿಗೆ, ಮಕ್ಕಳಿಗೆ. ಕಡೇಲಿ ಉಣ್ಣೋ ಹೆಂಗಸಿಗೆ ತಳದ ರಸ. ಮೊಟ್ಟೆ ಬೇಯಿಸಿದ್ರೆ ಮನೇಲಿ ಎಷ್ಟು ಜನ ಅಂತ ಎಣಿಸುವಾಗ ಅವಳನ್ನ ಬಿಟ್ಟೇ ಎಣಿಸೋದು. ಇದನ್ನ ತ್ಯಾಗ ಅಂತ ಹೊಗಳ್ತೀರಿ. ನಾನು ಅನ್ಯಾಯ ಅಂತೀನಿ.

"ಮನೆ ಕೆಲಸನೇ ಕಸರತ್ತು" ಅನ್ನೋದು ಇನ್ನೊಂದು ಜಾಣ ಮಾತು. ಕೆಲಸ ದಣಿಸುತ್ತೆ, ಸರಿ. ಆದ್ರೆ ಇಪ್ಪತ್ತು ವರ್ಷದಿಂದ ಅದೇ ಬಿಂದಿಗೆ ಎತ್ತಿದ್ರೆ ಮೈಗೆ ಹೊಸದಾಗಿ ಬೆಳೆಯೋ ಕಾರಣ ಎಲ್ಲೈತೆ? ತರೀಕೆರೆ ಕಡೆ ಅಡಿಕೆ ಸುಲಿಯಕ್ಕೆ ರಾತ್ರಿಯೆಲ್ಲ ಕೂತ್ರೆ ಸೊಂಟ ನೋಯುತ್ತೆ, ತೊಡೆ ಗಟ್ಟಿಯಾಗಲ್ಲ. ಭಾರ ಏರ್ತಾ ಹೋಗ್ಬೇಕು. ಗಟ್ಟಿ ಚೀಲಕ್ಕೆ ಐದು ಕೆಜಿ ಮರಳು ತುಂಬಿ ಎದೆಗೆ ಅವಚ್ಕಂಡು ಬಸ್ಕಿ ಹೊಡೀರಿ, ನೆಲದಿಂದ ಎತ್ರಿ, ಗೋಡೆಗೆ ಕೈ ಕೊಟ್ಟು ದಂಡ ಹೊಡೀರಿ. ವಾರಕ್ಕೆ ಮೂರು ದಿನ, ಅರ್ಧ ಗಂಟೆ. ಸುಲಭ ಅನಿಸಿದ ದಿನ ಇನ್ನೊಂದು ಕೆಜಿ ಮರಳು ಹಾಕ್ರಿ.

ಪೌಡರ್ ಡಬ್ಬಿಗೆ ಸಾಲ ಮಾಡ್ಬೇಡ್ರಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚೀಲಿ ಅದು ಬೇಡ ಅಂತಲೇ ಹೇಳೈತೆ. ದಿನಕ್ಕೆ ಕೆಜಿ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಅನ್ನೋದು ನಮ್ಮ ದೇಶದ ಲೆಕ್ಕ. ಮೈ ಕಟ್ಟೋರಿಗೆ ಅದರ ಒಂದೂವರೆ ಪಟ್ಟಾದ್ರೂ ಬೇಕು. 65 ಕೆಜಿ ಹೆಂಗಸಿಗೆ ಸುಮಾರು 80 ಗ್ರಾಂ. ನೂರು ಗ್ರಾಂ ಕಾಳು ದಿನಕ್ಕೆ 22, ಎರಡು ಮೊಟ್ಟೆ 12, ಹಾಲು ಮೊಸರು ಸೇರಿ ಅರ್ಧ ಲೀಟರ್ 16, ಒಂದು ಹಿಡಿ ಕಡ್ಲೆಕಾಯಿ 7, ಮೂವತ್ತು ಗ್ರಾಂ ಸೋಯಾ 15, ನೂರು ಗ್ರಾಂ ರಾಗಿಹಿಟ್ಟಿನ ಮುದ್ದೆ 7. ಕೂಡಿಸ್ಕಳ್ರಿ, 79. ಮೊಟ್ಟೆ ಮುಟ್ಟದೋರು ಕಾಳು, ಮೊಸರು ಏರಿಸ್ಲಿ. ಮೂತ್ರಪಿಂಡದ ತೊಂದ್ರೆ ಇರೋರು ಮಾತ್ರ ಡಾಕ್ಟ್ರನ್ನ ಕೇಳಿ ಮುಂದುವರೀಲಿ. ಮುದ್ದೆ ಬಿಡಿ ಅಂತ ನಾನು ಹೇಳ್ತಿಲ್ಲ. ಎರಡಿದ್ದದ್ದು ಒಂದಾಗ್ಲಿ, ಒಂದು ಸೌಟಿದ್ದ ಕಾಳು ಮೂರಾಗ್ಲಿ.

ಅಮೃತಮಹಲ್ ದನ ಸಾಕೋ ಅಜ್ಜಂಪುರದ ಸೀಮೆ ನಮ್ದು. ಒಳ್ಳೆ ಹೋರಿ ಕೊಳ್ಳುವಾಗ ಯಾರೂ ತಕ್ಕಡಿಗೆ ಹಾಕಲ್ಲ. ಭುಜ ಮುಟ್ಟಿ, ತೊಡೆ ಸವರಿ, ನಡಿಗೆ ನೋಡಿ ಬೆಲೆ ಕಟ್ತಾರೆ. ಕಾಳು ಯಾರಿಗೆ ಹಾಕ್ಬೇಕು ಅಂತಲೂ ಗೊತ್ತಿರೋ ಜನ. ಆ ಬುದ್ಧಿ ಕೊಟ್ಟಿಗೇಲಿ ಮಾತ್ರ ಯಾಕೆ ಕೆಲಸ ಮಾಡ್ಬೇಕು? ಇವತ್ತು ರಾತ್ರಿ ಮೊದ್ಲ ಸೌಟು ಕಾಳು ಬಡಿಸೋಳ ತಟ್ಟೆಗೇ ಬೀಳ್ಲಿ.